ತೋಳಿನಿಂದ ತೋಳಿಗೆ ಹೋದ ಮನೆತನ

ಸಿಡುಬು ಬಾರದಂತೆ ಮೈಲಿ ಹಾಕುವ ಕೆಲಸಕ್ಕೆ ಹೊಸದಾಗಿ ಸೇರಿದ ಇಬ್ಬರು ಹುಡುಗರು ಈಚೆಗೆ ಬಂಗಾರಪೇಟೆಯ ನಮ್ಮ ಮನೆಗೆ ಬಂದು, ನಿಮ್ಮ ಕಾಲದಲ್ಲಿ ಈ ಕೆಲಸ ಹೇಗಿತ್ತು ಎಂದು ಕೇಳಿದರು. ನಾನು ಬಹಳ ಹೊತ್ತು ಮಾತಾಡಿದೆ. ಅವರು ನಕ್ಕರು, ತಲೆದೂಗಿದರು, ಕಾಫಿ ಕುಡಿದು ಹೋದರು. ಅವರು ಹೋದ ಮೇಲೆ ಯೋಚಿಸಿದರೆ ನಾನು ಹೇಳಿದ್ದರಲ್ಲಿ ಅರ್ಧದಷ್ಟು ನಡೆದದ್ದಲ್ಲ, ಹೇಳಿ ಹೇಳಿ ಚೆಂದವಾದದ್ದು. ಸುಳ್ಳಲ್ಲ, ಆದರೆ ಮೂಲೆಗಳೆಲ್ಲ ಸವೆದುಹೋಗಿದ್ದವು. ಆದ್ದರಿಂದ ಈಗ ಬರೆಯುತ್ತಿದ್ದೇನೆ. ಗೊತ್ತಿಲ್ಲದ ಕಡೆ ಗೊತ್ತಿಲ್ಲ ಎಂದೇ ಬರೆಯುತ್ತೇನೆ. ಓದುವವರಿಗೆ ಅದರಿಂದ ಬೇಸರವಾದರೆ ಆಗಲಿ.

ನಿಮಗೆ ಈಗ ರಸ ಗಾಜಿನ ಕೊಳವೆಯಲ್ಲಿ ಬರುತ್ತದೆ. ಕರುವಿನ ಮೈಯಿಂದ ತೆಗೆದದ್ದು, ರೈಲಿನಲ್ಲಿ ಬಂದದ್ದು. ಕೊಳವೆ ಮುರಿದು, ಸೂಜಿ ಅದ್ದಿ, ತೋಳಿನ ಮೇಲೆ ಗೀರಿದರೆ ಮುಗಿಯಿತು. ಬಿಸಿಲಿಗೆ ರಸ ಕೆಟ್ಟರೆ ಮೇಲಿನವರಿಗೆ ಬರೆದು ಇನ್ನೊಂದು ಪೆಟ್ಟಿಗೆ ತರಿಸುತ್ತೀರಿ. ನಾನು ಸೇರಿದಾಗ ಚಿನ್ನದ ಗಣಿಯ ಮಾರಿಕುಪ್ಪಂಗೆ ರೈಲೇ ಇರಲಿಲ್ಲ, ಕೊಳವೆಯೂ ಇರಲಿಲ್ಲ. ರಸ ನಡೆದು ಬರುತ್ತಿತ್ತು. ಒಂದು ಕೂಸಿಗೆ ಮೈಲಿ ಹಾಕಿದರೆ ಎಂಟನೆಯ ದಿನ ಅದರ ತೋಳಿನ ಗುಳ್ಳೆ ಹಣ್ಣಾಗುತ್ತದೆ. ಆ ಗುಳ್ಳೆಯ ತಿಳಿ ರಸವನ್ನು ತೆಗೆದು ಮುಂದಿನ ಕೂಸಿನ ತೋಳಿಗೆ ಹಾಕಬೇಕು. ಅದರ ಗುಳ್ಳೆ ಹಣ್ಣಾದಾಗ ಅದರಿಂದ ಮತ್ತೊಂದಕ್ಕೆ. ಈ ಸರಪಳಿ ಎಲ್ಲೂ ಕಡಿಯಬಾರದು. ಕಡಿದರೆ ಇಡೀ ತಾಲ್ಲೂಕಿಗೆ ರಸವಿಲ್ಲ. ಆದ್ದರಿಂದ ನಮ್ಮ ಕೆಲಸ ಎಂದರೆ ತೋಳು ಕೊಡಲು ಒಪ್ಪುವ ತಾಯಿಯನ್ನು ಹುಡುಕುವುದು.

ಒಪ್ಪುತ್ತಿದ್ದವರು ಬಹಳ ಕಡಿಮೆ. ನಾವು ಊರೊಳಗೆ ಕಾಲಿಟ್ಟರೆ ಹೆಂಗಸರು ಮಕ್ಕಳನ್ನು ಕಣಜದ ಹಿಂದೆ, ಹುಲ್ಲಿನ ಮೆದೆಯೊಳಗೆ ಅಡಗಿಸುತ್ತಿದ್ದರು. ಬಂಗಾರಪೇಟೆಯ ಒಂದು ಬೀದಿಯಲ್ಲಿ ನನಗೆ ಆದ ಪೇಚಾಟ ಹೇಳುತ್ತೇನೆ. ಮೊದಲ ಮನೆಯಲ್ಲಿ ಒಂದು ಹುಡುಗಿಯನ್ನು ತಂದು ನಿಲ್ಲಿಸಿದರು, ತೋಳಿನಲ್ಲಿ ಹಳೆಯ ಕಲೆ ಇತ್ತು, ಸರಿ ಎಂದು ಮುಂದೆ ಹೋದೆ. ಎರಡನೆಯ ಮನೆಯಲ್ಲೂ ಕಲೆಯಿದ್ದ ಹುಡುಗಿ. ಇವತ್ತು ಅದೃಷ್ಟ ಚೆನ್ನಾಗಿದೆ ಅಂದುಕೊಂಡೆ. ಮೂರನೆಯ ಮನೆಯಲ್ಲಿ ಅದೇ ಹುಡುಗಿ ಏದುಸಿರು ಬಿಡುತ್ತ ಬಂದು ನಿಂತು, ‘ನಂಗೆ ಓಡಿ ಓಡಿ ಸಾಕಾಯ್ತು, ಬೆಲ್ಲ ಈಗ್ಲೇ ಕೊಡ್ರಿ’ ಎಂದು ಆ ಮನೆಯವಳನ್ನು ಕೇಳಿದಳು. ಮೂರು ಮನೆಗೂ ಹಿಂಬಾಗಿಲು ಒಂದೇ ಹಿತ್ತಿಲಿಗೆ. ನಾನು ನಗಲಿಲ್ಲ. ಆಗ ನನಗೆ ನಗುವುದು ಬರುತ್ತಿರಲಿಲ್ಲ.

ಕೆಲಸದಲ್ಲಿ ನನ್ನ ಹಿರಿಯರು ವೆಂಕೋಬರಾಯರು. ಆರಡಿ ಎತ್ತರ, ಹಳೆಯ ಕೋಟು, ಬಾಯಲ್ಲಿ ಸದಾ ಲವಂಗ. ನಾಲ್ಕು ಭಾಷೆಯಲ್ಲಿ ಅಂಗಲಾಚಬಲ್ಲವರು ಎಂದು ತಮ್ಮ ಬಗ್ಗೆ ತಾವೇ ಹೇಳಿಕೊಳ್ಳುತ್ತಿದ್ದರು. ಕನ್ನಡದವರ ಹತ್ತಿರ ಕನ್ನಡ, ತೆಲುಗರ ಹತ್ತಿರ ತೆಲುಗು, ಗಣಿ ಕೂಲಿಯವರ ಲೈನಿನಲ್ಲಿ ತಮಿಳು, ಸಂತೆಯಲ್ಲಿ ದಖನಿ. ಅವರು ಕಲಿಸಿದ್ದು ಒಂದೇ. ‘ರೋಗದ ಮಾತು ಎತ್ತಬೇಡ. ಅವರ ಮನೆತನದ ಹೆಸರು ಕೇಳು. ಹೆಸರು ಕೇಳಿದರೆ ಕೂರಿಸುತ್ತಾರೆ, ಕೂರಿಸಿದರೆ ಮಗು ತರುತ್ತಾರೆ.’

ಮನೆತನದ ಹೆಸರನ್ನು ನಮ್ಮ ಕಡೆ ತೆಲುಗು ಬೆರೆತ ಮನೆಗಳಲ್ಲಿ ಇಂಟಿಪೇರು ಎನ್ನುತ್ತಾರೆ. ಬೇರೆ ಸೀಮೆಯಿಂದ ಬಂದ ಹುಡುಗರು ಇದನ್ನು ತಿಳಿದಿರಬೇಕು. ಒಂದೇ ಇಂಟಿಪೇರಿನವರು, ಮುಖ ನೋಡಿರದಿದ್ದರೂ, ಒಬ್ಬರಿಗೊಬ್ಬರು ಅಣ್ಣತಮ್ಮಂದಿರು. ಒಬ್ಬರ ಮನೆಯಲ್ಲಿ ಸಾವಾದರೆ ಎಲ್ಲರಿಗೂ ಸೂತಕ. ಅವರೊಳಗೆ ಹೆಣ್ಣು ಕೊಟ್ಟು ತರುವುದಿಲ್ಲ. ತೋಳಿನ ರಸದ ವಿಷಯದಲ್ಲೂ ಇದೇ ಅಡ್ಡ ಬರುತ್ತಿತ್ತು. ಕೂಸಿನ ಸತ್ವ ಇನ್ನೊಂದು ಕೂಸಿಗೆ ಹೋಗುತ್ತದೆ ಎಂದು ತಾಯಂದಿರ ನಂಬಿಕೆ. ಸ್ವಂತ ಮನೆತನದೊಳಗಾದರೆ ಹೇಗೋ ಒಪ್ಪುವರು, ಹೊರಗಿನವರಿಗಾದರೆ ಇಲ್ಲ.

ದೊಣೆಗುಂಡ್ಲ ಎಂಬ ಹೆಸರು ನಾನು ಮೊದಲು ಕೇಳಿದ್ದು ಬೇತಮಂಗಲದ ಆಚೆಯ ಒಂದು ಸಣ್ಣ ಹಳ್ಳಿಯಲ್ಲಿ. ಅಲ್ಲಿ ಆ ಹೆಸರಿನವು ಮೂರೇ ಮನೆ, ಹೊಲ ಉಳುವವರು. ಸರ್ವಿಸಿನ ಉದ್ದಕ್ಕೂ, ಗಡಿಯಾಚೆ ಹೋದಾಗಲೂ, ಈ ಹೆಸರು ಕೇಳಿದ್ದೀರಾ ಎಂದು ವಿಚಾರಿಸುತ್ತಿದ್ದೆ. ಎಲ್ಲೂ ಇರಲಿಲ್ಲ. ಊರ ಹಿಂದಿನ ಬಂಡೆಗುಂಡಿನ ಮೇಲೆ ಮಳೆನೀರು ನಿಲ್ಲುವ ಒಂದು ದೊಣೆಯಿದೆ, ಅದರಿಂದ ಬಂದ ಹೆಸರು ಎಂದು ಒಂದು ಮನೆಯವರು ಹೇಳಿದರು. ಅಲ್ಲ, ಹೆಸರು ಹೊತ್ತುಕೊಂಡು ಪಾಲಾರಿನ ಕೆಳಗಿನ ಸೀಮೆಯಿಂದ ಬಂದೆವು, ಬಂದ ಮೇಲೆ ದೊಣೆ ಕಂಡು ಇಲ್ಲೇ ನಿಂತೆವು ಎಂದು ಇನ್ನೊಂದು ಮನೆಯವರು. ಮೂರನೆಯ ಮನೆಯ ಮುದುಕನಿಗೆ ಎರಡೂ ಸರಿ. ನಾನು ದೊಣೆ ನೋಡಲು ಹತ್ತಿದೆ. ನೀರಿತ್ತು ಎಂದು ನೆನಪು. ಆದರೆ ನಾನು ಹತ್ತಿದ್ದು ಬೇಸಿಗೆಯಲ್ಲಿ, ಆದ್ದರಿಂದ ಇರಲಿಕ್ಕಿಲ್ಲ.

ಆ ಮೂರನೆಯ ಮನೆಯ ಸೊಸೆ ನಂಜಕ್ಕ. ಅವಳ ಚೊಚ್ಚಲ ಮಗ ಪಾಪಣ್ಣನಿಗೆ ಮೈಲಿ ಹಾಕಿದ್ದೆವು. ಅವನ ಗುಳ್ಳೆ ಹಣ್ಣಾಗುವ ಹೊತ್ತಿಗೆ ಗಣಿಯ ಲೈನಿನಲ್ಲಿ, ಅಂದರೆ ಕೂಲಿಯವರ ಸಾಲು ಗುಡಿಸಲುಗಳಲ್ಲಿ, ಅಮ್ಮ ಎದ್ದಿದ್ದಳು. ಸಿಡುಬನ್ನು ಆಗ ಯಾರೂ ಹೆಸರಿಟ್ಟು ಕರೆಯುತ್ತಿರಲಿಲ್ಲ. ಮಕ್ಕಳು ಸಾಯುತ್ತಿದ್ದವು. ನಡೆದು ಹೋಗುವಷ್ಟು ದೂರದಲ್ಲಿ ಹಣ್ಣಾದ ತೋಳು ಪಾಪಣ್ಣನದೊಂದೇ. ರಾಯರು ನಂಜಕ್ಕನನ್ನು ಕೇಳಿದರು. ಅವಳು ಕೂಸನ್ನು ಸೆರಗಿನೊಳಗೆ ಎಳೆದುಕೊಂಡಳು.

‘ನನ್ ಮಗೀನ ಸತ್ವ ಕಂಡೋರ ಮಕ್ಳಿಗ್ಯಾಕೆ ಸಾಮಿ? ಇದೇನು ಬಾವಿ ನೀರಾ, ಬಂದೋರೆಲ್ಲ ಸೇದ್ಕೊಂಡು ಓಗಾಕೆ?’

‘ನಿಮ್ಮವರೇ ಆದರೆ?’ ಎಂದರು ರಾಯರು.

‘ನಮ್ಮೋರಾದ್ರೆ ನಾನೇ ಎತ್ಕೊಂಡು ಬತ್ತೀನಿ. ನಮ್ಮೋರಿರೋದೇ ಈ ಮೂರು ಮನೆ. ಇನ್ನೆಲ್ಲವ್ರೆ?’

‘ಲೈನಿನಲ್ಲಿ ಒಂದು ದೊಣೆಗುಂಡ್ಲ ಮನೆ ಇದೆ ಕಣಮ್ಮ. ದೊಡ್ಡ ಬರದಲ್ಲಿ ಚದುರಿಹೋದವರು.’

ನಾನು ರಾಯರ ಮುಖ ನೋಡಿದೆ. ಅವರು ಲವಂಗ ಅಗಿಯುತ್ತಿದ್ದರು. ಜಗಲಿಯ ಮೇಲಿದ್ದ ನಂಜಕ್ಕನ ಮಾವ ತಲೆಯೆತ್ತಿ, ‘ಇರ್ಬೌದು. ನಮ್ಮ ಚಿಕ್ಕಪ್ಪ ಒಬ್ಬ ಬರದಾಗೆ ಎದ್ದೋದೋನು ತಿರುಗಿ ಬರ್ಲಿಲ್ಲ. ಅವನ ಪೈಕಿ ಇರ್ಬೇಕು’ ಎಂದ. ಅಷ್ಟಾದ ಮೇಲೆ ನಂಜಕ್ಕ ಕೂಸನ್ನು ಕಂಕುಳಿಗೆ ಏರಿಸಿಕೊಂಡು ನಮ್ಮ ಮುಂದೆಯೇ ನಡೆದಳು.

ಲೈನಿನಲ್ಲಿ ರಾಯರು ನಿಂತದ್ದು ಎಲ್ಲಮ್ಮನ ಗುಡಿಸಲ ಮುಂದೆ. ಅವಳ ಗಂಡ ಸುರಂಗದಲ್ಲಿ ಕೆಲಸ ಮಾಡುವವನು. ದೊಡ್ಡ ಬರದಲ್ಲಿ ಗಂಜಿ ಕೊಡುತ್ತಿದ್ದ ಕೊಟ್ಟಿಗೆಯೊಂದರಲ್ಲಿ ಸಿಕ್ಕ ಅನಾಥ ಎಳೆಯ ಹುಡುಗ ಅವನು. ತಂದೆ ಯಾರು, ಊರು ಯಾವುದು ಅವನಿಗೇ ತಿಳಿಯದು. ಎಲ್ಲಮ್ಮನ ಕಂಕುಳಲ್ಲಿ ಎಳೆಯ ಮಗ ಕುಪ್ಪಸಾಮಿ. ನಂಜಕ್ಕ ಅವಳನ್ನು ನೋಡಿ, ‘ದೊಣೆಗುಂಡ್ಲೋರಾ ನೀವು?’ ಎಂದು ಕೇಳಿದಳು.

ಇಲ್ಲಿ ನನ್ನ ನೆನಪು ಎರಡಾಗಿದೆ. ಒಂದರಲ್ಲಿ ಎಲ್ಲಮ್ಮ ಕಣ್ಣು ಮಿಟುಕಿಸದೆ, ‘ಊಂ ಅಕ್ಕ’ ಎನ್ನುತ್ತಾಳೆ. ಇನ್ನೊಂದರಲ್ಲಿ ರಾಯರು ಮುಂದಾಗಿ, ‘ಹೌದಮ್ಮ, ಇವರೇ’ ಎನ್ನುತ್ತಾರೆ, ಎಲ್ಲಮ್ಮ ಕೂಸಿನ ತೋಳು ಮುಂದೆ ಚಾಚುತ್ತಾಳೆ, ಬಾಯಿ ಬಿಡುವುದಿಲ್ಲ. ಯಾವುದು ನಡೆದದ್ದು ಎಂದು ನಾನು ಆಣೆ ಇಡಲಾರೆ. ಇಷ್ಟು ಖಂಡಿತ: ಪಾಪಣ್ಣನ ತೋಳಿನ ರಸ ಕುಪ್ಪಸಾಮಿಗೆ ಹೋಯಿತು. ಉಳಿದದ್ದನ್ನು ರಾಯರು ಬೇರೆ ಬೇರೆ ಮನೆಯ ಕೂಸುಗಳಿಗೂ ಹಾಕಿದರು. ನಂಜಕ್ಕ ಆ ಹೊತ್ತಿಗೆ ಎಲ್ಲಮ್ಮನ ಜೊತೆ ಮಾತಿಗಿಳಿದಿದ್ದಳು, ಅತ್ತ ತಿರುಗಲಿಲ್ಲ. ಆ ಕೂಸುಗಳು ಬದುಕಿದವು.

ವಾಪಸು ಬರುವ ದಾರಿಯಲ್ಲಿ ರಾಯರನ್ನು ಕೇಳಿದೆ, ‘ಅವರು ನಿಜವಾಗಿ ದೊಣೆಗುಂಡ್ಲದವರೇನು?’

‘ಇನ್ನು ಮೇಲೆ ಹೌದು’ ಎಂದರು.

ಒಂದು ಸಲದ ಕೆಲಸಕ್ಕೆ ಹುಟ್ಟಿದ ಸಂಬಂಧ ಅಲ್ಲಿಗೇ ಮುಗಿಯುತ್ತದೆ ಎಂದುಕೊಂಡಿದ್ದೆ. ಮುಗಿಯಲಿಲ್ಲ. ನಂಜಕ್ಕ ಸುಗ್ಗಿಯಾದ ಮೇಲೆ ರಾಗಿ, ಅವರೆಕಾಯಿ ಹೊರಿಸಿಕೊಂಡು ಲೈನಿಗೆ ಹೋದಳು. ಎಲ್ಲಮ್ಮ ಹಬ್ಬಕ್ಕೆ ಹಳ್ಳಿಗೆ ಬಂದಳು. ಬಂದವಳು ನೇರ ಅಡುಗೆ ಮನೆಗೆ ನಡೆಯುವಳು, ಓರಗಿತ್ತಿಯರು ಹಾಗೆಯೇ ಅಲ್ಲವೆ. ನಾನು ತಿರುಗಾಟದಲ್ಲಿ ಆ ಮನೆಗೆ ಹೋದಾಗ ಇಬ್ಬರೂ ಒಂದೇ ಒರಳಿನ ಮುಂದೆ ಕೂತು ಊರಿನವರನ್ನೆಲ್ಲ ಆಡಿಕೊಳ್ಳುತ್ತಿದ್ದುದನ್ನು ಎಷ್ಟೋ ಸಲ ನೋಡಿದ್ದೇನೆ. ಎಲ್ಲಮ್ಮನ ಗಂಡ ಸುರಂಗದಲ್ಲಿ ಬಂಡೆ ಕುಸಿದು ಸತ್ತಾಗ ಹಳ್ಳಿಯ ಮೂರು ಮನೆಯ ಗಂಡಸರೂ ಬಂದು ಮಣ್ಣು ಮಾಡಿದರು. ಮೂರು ಮನೆಯಲ್ಲೂ ಒಲೆ ಆರಿಸಿ ಸೂತಕ ಹಿಡಿದರು. ಗಂಜಿ ಕೊಟ್ಟಿಗೆಯಲ್ಲಿ ಸಿಕ್ಕ ಹುಡುಗನಿಗೆ ಸಾಯುವಾಗ ಒಂದು ಮನೆತನವಿತ್ತು. ರಾಯರು ಇದನ್ನು ಕೇಳಿದ ದಿನ ಲವಂಗ ಹಾಕಲಿಲ್ಲ, ಅಷ್ಟೇ.

ರಾಯರು ತೀರಿಹೋದರು. ರೈಲು ಬಂತು, ಕೊಳವೆ ಬಂತು. ತೋಳಿನಿಂದ ತೋಳಿಗೆ ಹಾಕುವುದನ್ನು ಸರ್ಕಾರ ನಿಲ್ಲಿಸಿತು. ಅದು ಒಳ್ಳೆಯದೇ, ಒಂದು ಮೈಯ ಬೇರೆ ರೋಗ ಇನ್ನೊಂದಕ್ಕೆ ಹೋಗುವ ಭಯವಿತ್ತು. ಕುಪ್ಪಸಾಮಿ ದೊಡ್ಡವನಾಗಿ ರೈಲಿನ ಹಳಿ ಕೆಲಸಕ್ಕೆ ಸೇರಿ ಬಂಗಾರಪೇಟೆಯಲ್ಲಿ ಮನೆ ಮಾಡಿದ. ಎಲ್ಲಮ್ಮ ಲೈನನ್ನು ಬಿಡಲಿಲ್ಲ.

ಆಗ ಮೇಲಿನಿಂದ ಯುವ ಇನ್‌ಸ್ಪೆಕ್ಟರರೊಬ್ಬರು ಬಂದರು. ಒಳ್ಳೆಯ ಮನುಷ್ಯ. ಜಾತಿ, ಮನೆತನ, ವಲಸೆ ಇವುಗಳ ಹುಚ್ಚು ಅವರಿಗೆ. ನಾನು ಒಮ್ಮೆ ದೊಣೆಗುಂಡ್ಲ ಹೆಸರು ಎತ್ತಿದೆ. ಅವರು ಮೇಜಿನ ಮೇಲೆ ಮನೆಗೊಂದರಂತೆ ಹುಣಸೆಬೀಜ ಇಟ್ಟರು. ಬೇತಮಂಗಲದ ಆಚೆ ಮೂರು ಬೀಜ, ಗಣಿ ಲೈನಿನಲ್ಲಿ ಒಂದು, ಬಂಗಾರಪೇಟೆಯಲ್ಲಿ ಒಂದು. ಸ್ವಲ್ಪ ಹೊತ್ತು ದಿಟ್ಟಿಸಿ ನೋಡಿ, ‘ನೋಡಿ, ಬೇತಮಂಗಲದ ಕೆರೆಯಿಂದ ಗಣಿಗೆ ನೀರಿನ ಕೊಳಾಯಿ ಬಂತು. ಗಣಿಯಿಂದ ಬಂಗಾರಪೇಟೆಗೆ ರೈಲು. ಈ ಜನ ಕೊಳಾಯಿ ಹಾಕುವ ಕೂಲಿಗೆ ಬಂದು, ಹಾಗೇ ಹಳಿಯ ಮೇಲೆ ಮುಂದೆ ಹೋಗಿದ್ದಾರೆ’ ಎಂದರು. ಎಷ್ಟು ಚೆನ್ನಾಗಿ ಹೊಂದಿಕೊಂಡಿತ್ತು ಎಂದರೆ, ಕೆಲವು ದಿನ ನಾನೂ ಹಾಗೆಯೇ ಇರಬೇಕು ಎಂದುಕೊಂಡೆ. ಕೊಳಾಯಿ ಬಂದದ್ದು ಪಾಪಣ್ಣನಿಗೆ ಮೀಸೆ ಬಂದ ಮೇಲೆ ಎಂಬುದು ಕೂಡ ನನಗೆ ತಕ್ಷಣ ಹೊಳೆಯಲಿಲ್ಲ. ಮೇಜಿನ ಮೇಲೆ ಬೀಜಗಳು ನೇರವಾಗಿ ಕೂತಿದ್ದವು, ನನ್ನ ತಲೆಯೊಳಗಿನದು ಹಾಗಿರಲಿಲ್ಲ.

ಇನ್ನು ಮುಖ್ಯ ಸಂಗತಿ. ಮುಂದಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಮದುವೆ ಆಗಲಿಲ್ಲ. ಪಾಪಣ್ಣನ ಮಗಳು ಗಂಗಮ್ಮನನ್ನು ಗಡಿಯಾಚೆಯ ಊರಿಗೆ ಕೊಟ್ಟರು. ಕುಪ್ಪಸಾಮಿಯ ಮಗ ಗೋವಿಂದ ಕೆಲಸದ ಮೇಲೆ ದೂರದ ಸ್ಟೇಷನ್ನಿಗೆ ಹೋದ, ತಂದೆತಾಯಿಯನ್ನೂ ಕರೆಸಿಕೊಂಡ. ದೊಣೆಗುಂಡ್ಲ ಹೆಸರು ಈಗ ಮತ್ತೆ ಒಂದೇ ಹಳ್ಳಿಯಲ್ಲಿದೆ.

ಹಬ್ಬಕ್ಕೆ ಬಂದು ಹೋಗುವ ಮನೆಯಲ್ಲಿ ಬೆಳೆದ ಹುಡುಗ ಹುಡುಗಿ. ಅಣ್ಣತಂಗಿ ಎಂದು ಎಲ್ಲರೂ ಬಿಟ್ಟಿದ್ದರು, ಅವರು ಹಾಗೆ ತಿಳಿಯಲಿಲ್ಲ, ಮದುವೆಯಾಗಬೇಕೆಂದರು. ಪಾಪಣ್ಣನಿಗೆ ಸಿಟ್ಟು ಬರಬೇಕಿತ್ತು, ಸಂಕಟ ಬಂತು. ‘ಅಂತಾ ಉಡುಗ ನಂಗೆ ಇನ್ನೆಲ್ಲಿ ಸಿಕ್ತಾನೆ ಸಾಮಿ’ ಎಂದು ನನ್ನ ಹತ್ತಿರವೇ ಹೇಳಿಕೊಂಡ, ‘ಆದ್ರೆ ಒಂದೇ ಇಂಟಿಪೇರು. ನಾನೇನ್ ಮಾಡ್ಲಿ?’ ಇದು ಎಲ್ಲಮ್ಮನ ಕಿವಿಗೂ ಹೋಯಿತು. ಒಂದು ಬೆಳಿಗ್ಗೆ ಗೋವಿಂದ ನಮ್ಮ ಮನೆ ಬಾಗಿಲಿಗೆ ಬಂದು ನಿಂತ.

‘ಸಾಮಿ, ನಮ್ಮಜ್ಜಿ ಅಳ್ಳಿಗೆ ಓಗ್ತಾವ್ಳೆ. ನಂಜಜ್ಜಿ ತಾವ ಎಲ್ಲಾ ಏಳ್ಬುಡ್ತೀನಿ ಅಂತಾವ್ಳೆ. ನೀವೂ ಬಂದು ಊಂ ಅಂದ್ರೆ ಸಾಕು.’

‘ಏನಂತ ಊಂ ಅನ್ನಲಿ?’

‘ನಾವು ದೊಣೆಗುಂಡ್ಲೋರಲ್ಲ ಅಂತ.’

ಮನೆತನ ಹೇಳಿಕೊಳ್ಳುವವರನ್ನು, ದೊಡ್ಡದು ಮಾಡಿ ಹೇಳುವವರನ್ನು ನಾನು ಬೇಕಾದಷ್ಟು ನೋಡಿದ್ದೆ. ತನ್ನದಲ್ಲ ಎಂದು ಸಾಕ್ಷಿ ಹೇಳಲು ಕರೆದವನು ಇವನೊಬ್ಬನೇ. ಗಾಡಿ ಹತ್ತಿದೆವು. ದಾರಿಯುದ್ದಕ್ಕೂ ಎಲ್ಲಮ್ಮ ಬೆಳೆ ನೋಡುತ್ತ, ಈ ಸಲ ರಾಗಿ ಚೆನ್ನಾಗಿದೆ ಎಂದು ಎರಡು ಮೂರು ಬಾರಿ ಹೇಳಿದಳು.

ನಂಜಕ್ಕ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಪಾಪಣ್ಣ ಅಂಗಳದಲ್ಲಿ ಎತ್ತಿನ ಹಗ್ಗ ಹೊಸೆಯುತ್ತಿದ್ದ.

‘ಏನ್ ಸಾಮಿ, ಇನ್ನೂ ಚಾಕು ಇಟ್ಕೊಂಡೇ ತಿರುಗ್ತಿದೀರಾ? ಈ ಮುದುಕೀಗ್ ಮಾತ್ರ ಆಕ್ಬೇಡಿ, ನಂಗೆ ಸಾಯೋಕೆ ಒಂದ್ ದಾರಿ ಬೇಕು’ ಎಂದು ನನಗೆ ಹೇಳಿ, ಅಂಗಳದಲ್ಲೇ ನಿಂತ ಎಲ್ಲಮ್ಮನ ಕಡೆ ತಿರುಗಿದಳು. ‘ಒಳಕ್ ಬಾರೆ ಎಲ್ಲಮ್ಮ. ಅದೇನು ನೆಂಟ್ರಂಗೆ ನಿಂತ್ಕೊಂಡೆ?’

‘ನಾವು ನಿಮ್ಮೋರಲ್ಲ ಅಕ್ಕ.’

ನಂಜಕ್ಕನ ಕೈ ನಿಲ್ಲಲಿಲ್ಲ. ಎರಡು ಕಾಯಿ ಸುಲಿದಳು. ಎಲ್ಲಮ್ಮ ತಡೆಯದೆ ಹೇಳಿಬಿಟ್ಟಳು. ಗಂಡನಿಗೆ ಹೆಸರಿರಲಿಲ್ಲ. ಅವತ್ತು ಮಗ ಉಳಿದರೆ ಸಾಕಾಗಿತ್ತು. ರಾಯರು ಅಂದರು, ತಾನು ಇಲ್ಲ ಅನ್ನಲಿಲ್ಲ. ಈಗ ಮಕ್ಕಳು ಇಷ್ಟಪಟ್ಟಿದ್ದಾರೆ, ಸುಳ್ಳು ಹೆಸರು ಯಾಕೆ ಅಡ್ಡ ಬರಬೇಕು. ನಂಜಕ್ಕ ನನ್ನ ಕಡೆ ನೋಡಿದಳು.

ಅವತ್ತು ದಾರಿಯಲ್ಲಿ ರಾಯರು ‘ಇನ್ನು ಮೇಲೆ ಹೌದು’ ಎಂದದ್ದನ್ನು ನಾನು ಹೇಳಿದೆ. ಕಳೆದುಹೋದ ಆ ಚಿಕ್ಕಪ್ಪನ ಮಾತು ನಾಲಗೆಯ ತುದಿಗೆ ಬಂತು. ಎಲ್ಲಮ್ಮನ ಗಂಡ ಅವನ ಮೊಮ್ಮಗನೇ ಯಾಕಾಗಿರಬಾರದು, ಬರದಲ್ಲಿ ಯಾರು ಎಲ್ಲಿ ಬಿದ್ದರು ಎಂದು ಕಂಡವರು ಯಾರು. ಆದರೆ ಹಾಗೆಂದರೆ ಮದುವೆ ನಿಲ್ಲುತ್ತದೆ. ಅಲ್ಲವೆಂದರೆ ನಡೆಯಬಹುದು ಎಂದು ನಾನೂ ಆ ಹುಡುಗನ ಹಾಗೆ ತಿಳಿದಿದ್ದೆ. ಬಾಯಿ ಮುಚ್ಚಿಕೊಂಡೆ.

‘ರಾಯ್ರು ಸುಳ್ಳೇಳಿದ್ದು ನಂಗೊತ್ತು’ ಎಂದಳು ನಂಜಕ್ಕ. ‘ಏಳೋವಾಗ ಅವ್ರು ನನ್ ಮೊಕ ನೋಡ್ಲಿಲ್ಲ. ಅವತ್ತೇ ಗೊತ್ತು.’

ಪಾಪಣ್ಣ ಹಗ್ಗ ಕೆಳಗಿಟ್ಟ. ‘ಗೊತ್ತಿದ್ದೂ ಯಾಕವ್ವ ಇಷ್ಟು ದಿನ...’

‘ಬೇಕಾಗಿತ್ತು ಕಣ್ಲಾ. ನಂಗೆ ಅಕ್ಕ ತಂಗಿ ಇದ್ರಾ? ಇವಳು ಊಂ ಅಂದ್ಲು, ನಾನು ಊಂ ಅಂದೆ, ಆಗೋಯ್ತು. ಯಾರೂ ಬಾಯ್ ಬಿಡ್ದಿದ್ರೆ ನಮ್ಮೋರಾಗೇ ಇದ್ರು.’ ಆಮೇಲೆ ಎಲ್ಲಮ್ಮನನ್ನು ಕೇಳಿದಳು, ಗಟ್ಟಿಯಾಗಿ ಅಲ್ಲ, ‘ಸರಿ. ದೊಣೆಗುಂಡ್ಲೋರಲ್ಲ. ಅಂಗಾದ್ರೆ ನೀವ್ಯಾರು?’

ಎಲ್ಲಮ್ಮನಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಮನೆ ಮನೆಗೆ ಹೋಗಿ ನೀವು ಯಾರು ಎಂದು ಕೇಳುವುದರಲ್ಲೇ ಸಂಬಳ ತಿಂದ ನಾನು ಅಲ್ಲಿ ಕೂತಿದ್ದೆ.

‘ಗೊತ್ತಿಲ್ಲ ಅಕ್ಕ.’

‘ನಮ್ಮೋರಾಗಿದ್ರೆ ಎಣ್ಣು ಕೊಡೋ ಅಂಗಿಲ್ಲ. ಯಾರೋ ಗೊತ್ತಿಲ್ದೋರಾದ್ರೆ ಎಂಗ್ ಕೊಡ್ಲಿ? ಕುಲದೋರು ಕೇಳಿದ್ರೆ ಏನೇಳ್ಲಿ?’ ನಂಜಕ್ಕ ಮೊರ ಎತ್ತಿಕೊಂಡು ಎದ್ದಳು. ‘ಎರಡರಾಗೆ ಒಂದಾದ್ರೂ ಉಳಿಸ್ಕೋಬೇಕಿತ್ತು ಕಣೆ ಎಲ್ಲಮ್ಮ.’ ಒಳಗೆ ಹೋದಳು. ಗೋವಿಂದ ಪಾಪಣ್ಣನ ಮುಖ ನೋಡಿದ. ಪಾಪಣ್ಣ ಎತ್ತಿನ ಮುಖ ನೋಡಿದ. ಹುಡುಗ ಗಾಡಿಯ ಕಡೆ ನಡೆದುಹೋದ.

ಆ ಮಾತು ಬಾಯಿಂದ ಬಿಡದೆ ನುಂಗಿದ್ದು ಸರಿಯೋ ತಪ್ಪೋ ಎಂದು ನನಗೆ ಇಂದಿಗೂ ಬಗೆಹರಿದಿಲ್ಲ. ಚಿಕ್ಕಪ್ಪನ ಕಥೆ ಹೇಳಿದ್ದರೆ ಮದುವೆ ಹೇಗೂ ಇಲ್ಲ, ಆದರೆ ಇಬ್ಬರು ಮುದುಕಿಯರಿಗೆ ಒರಳು ಉಳಿಯುತ್ತಿತ್ತು. ಹೊಸ ಹುಡುಗರಿಗೆ ಇದರಿಂದ ಏನು ಪಾಠ ಎಂದು ಕೇಳಬೇಡಿ. ರಾಯರು ಸುಳ್ಳು ಹೇಳಿ ಕೂಸುಗಳನ್ನು ಉಳಿಸಿದರು. ಆ ಸುಳ್ಳಿನ ಮೇಲೆ ಇಬ್ಬರು ಹೆಂಗಸರು ಒಂದು ಸಂಸಾರ ಕಟ್ಟಿದರು. ನಿಜ ಹೇಳಿದ ದಿನ ಯಾರಿಗೂ ಏನೂ ಸಿಗಲಿಲ್ಲ.

ಅವತ್ತು ನಾವು ಇನ್ನೂ ಅಂಗಳದಲ್ಲಿ ನಿಂತಿರುವಾಗ ಪಾಪಣ್ಣನ ಹೆಂಡತಿ ಹೊರಗೆ ಬಂದಳು. ಹಿತ್ತಿಲಲ್ಲಿದ್ದವಳಿಗೆ ಇದೊಂದೂ ಕೇಳಿಸಿರಲಿಲ್ಲ. ‘ಚಿಕ್ಕತ್ತೆ, ಮುದ್ದೆ ಆಯ್ತು, ಎಸರು ಇಳಿಸೀನಿ. ಬರ್ರಿ ಒಳಕ್ಕೆ’ ಎಂದಳು.

ಎಲ್ಲಮ್ಮ ಬಾಗಿಲನ್ನು ನೋಡಿದಳು. ಒಳಗೆ ಕತ್ತಲಲ್ಲಿ ನಂಜಕ್ಕ ನಿಂತಿದ್ದಳೋ ಇಲ್ಲವೋ ನನಗೆ ಕಾಣಲಿಲ್ಲ.

‘ಇಲ್ಲೇ ಇಕ್ಕವ್ವ’ ಎಂದಳು. ‘ಎಲೇಲಿ ಕೊಡು.’

ಆ ಹೆಣ್ಣುಮಗಳು ನಗುತ್ತ ಗಂಡನ ಕಡೆ ನೋಡಿದಳು, ಅವನು ತಲೆಯೆತ್ತದಿದ್ದುದನ್ನು ಕಂಡು ನಗು ನಿಲ್ಲಿಸಿ ಎಲೆ ತಂದಳು. ಎಲ್ಲಮ್ಮ ದಾರಿಹೋಕರು ಕೂರುವ ಹಾಗೆ ಗೋಡೆಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಅವಸರವಿಲ್ಲದೆ, ಪೂರ್ತಿ ಉಂಡಳು. ಮತ್ತೊಂದು ಸಲ ಸಾರು ಕೇಳಿ ಹಾಕಿಸಿಕೊಂಡಳು. ಆಮೇಲೆ ಎಲೆಯನ್ನು ತಾನೇ ಎತ್ತಿ ತಿಪ್ಪೆಗೆ ಎಸೆದು ಬಂದು, ಕೊಟ್ಟಿಗೆಯಿಂದ ಒಂದು ಹಿಡಿ ಸಗಣಿ ತಂದು, ತಾನು ಕೂತ ಜಾಗವನ್ನು ಮೂಲೆ ಬಿಡದೆ ಸಾರಿಸಿದಳು.